ಕುರ್ಸೀ ಕೀ ಪೇಟಿ ಮತ್ತು ಹತ್ತೊಂಬತ್ತು ಅನೌನ್ಸ್‌ಮೆಂಟು

ಅಪ್ಪನನ್ನ ಮೊದಲ ಸಲ ವಿಮಾನ ಹತ್ತಿಸಿದ್ದು ಕಾಶಿಗೆ ಹೋಗುವಾಗ. ಬೆಂಗಳೂರಿನಿಂದ ವಾರಾಣಸಿಗೆ ಸುಮಾರು ಎರಡೂವರೆ ಗಂಟೆ. ಕಿಟಕಿ ಪಕ್ಕದ ಸೀಟು ಅವರಿಗೆ ಕೊಟ್ಟು, ಬೆಲ್ಟ್ ಹಾಕಿ, ನಾನು ಎಂದಿನಂತೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ. ಅಷ್ಟರಲ್ಲಿ ಮೈಕಿನಲ್ಲಿ ಹುಡುಗಿಯೊಬ್ಬಳ ದನಿ ಶುರುವಾಯ್ತು. ಅಪ್ಪ ನೆಟ್ಟಗೆ ಕೂತರು. ಊರಲ್ಲಿ ಡಂಗುರ ಸಾರೋರು ಬಂದಾಗ ಕೈಲಿದ್ದ ಕೆಲಸ ಬಿಟ್ಟು ಜಗಲಿಗೆ ಬಂದು ನಿಲ್ಲುತ್ತಿದ್ದರಲ್ಲ, ಅದೇ ಮುಖ.

"ಅದ್ಯಾವ ಪೇಟೆ ವಿಷ್ಯ ಹೇಳ್ತೈತೆ ಆ ಮಗ?" ಅಂದರು.

"ಪೇಟೆ ಅಲ್ಲಪ್ಪ, ಪೇಟಿ. ಕುರ್ಸೀ ಕೀ ಪೇಟಿ ಅಂದ್ರೆ ಸೀಟ್ ಬೆಲ್ಟು. ಆಗ್ಲೇ ಹಾಕಿದೀನಲ್ಲ."

"ಸರಿ. ಆ ಹಳದಿ ಅಂಗಿ ತೋರಿಸ್ತಾವ್ರಲ್ಲ, ಅದೇನು?"

"ಲೈಫ್ ಜಾಕೆಟ್ಟು. ನೀರಿಗೆ ಬಿದ್ರೆ ಹಾಕ್ಕೊಳ್ಳೋದು. ನಾವೇನು ಸಮುದ್ರದ ಮೇಲೆ ಹೋಗಲ್ಲ, ಬಿಡಪ್ಪ."

ಅಪ್ಪ ಬಿಡಲಿಲ್ಲ. "ನೀರು ಅಂದ್ರೆ ಸಮುದ್ರನೇ ಆಗ್ಬೇಕಾ? ಎಲ್ಲಿಟ್ಟವ್ರೆ ಅದನ್ನ?"

ಸೀಟಿನ ಕೆಳಗೆ ಅಂದೆ. ಅದಕ್ಕೆ ಗಾಳಿ ತುಂಬೋದು ಯಾವಾಗ, ಕೂತಲ್ಲೇನಾ, ಹೊರಗೆ ಹೋದ ಮೇಲಾ ಅಂತ ಕೇಳಿದರು. ನಾನು ತಡವರಿಸಿದೆ. ಹತ್ತು ವರ್ಷದಿಂದ ನೂರಾರು ಸಲ ನನ್ನ ಕಿವಿ ಮೇಲೆ ಬಿದ್ದಿರೋ ಮಾತು ಅದು. ಇಂಗ್ಲಿಷೂ ಬರುತ್ತೆ, ಹಿಂದಿಯೂ ಬರುತ್ತೆ. ಉತ್ತರ ಮಾತ್ರ ಬರಲಿಲ್ಲ. ಕೇಳಬೇಕು ಅಂತ ಕೂತಿದ್ದ ಮನುಷ್ಯನಿಗೆ ಭಾಷೆ ಅರ್ಥವಾಗಲಿಲ್ಲ, ಅರ್ಥವಾಗೋನು ಕೇಳಿರಲಿಲ್ಲ.

ಅವತ್ತು ನಾಚಿಕೆಗೆ ಇಯರ್‌ಫೋನ್ ತೆಗೆದಿಟ್ಟು, ಇಳಿಯುವ ತನಕ ಮೈಕಿನಲ್ಲಿ ಬಂದಿದ್ದನ್ನೆಲ್ಲ ಎಣಿಸಿದೆ. ಹತ್ತೊಂಬತ್ತು ಅನೌನ್ಸ್‌ಮೆಂಟು! ಸ್ವಾಗತ, ಪೈಲಟ್ಟಿನ ನಮಸ್ಕಾರ, ತಿಂಡಿ ಗಾಡಿ ಬರ್ತಿದೆ, ಕಾಂಬೋ ಆಫರ್ ಇದೆ, ಗಾಡಿ ವಾಪಸ್ ಹೋಗ್ತಿದೆ, ಕಸ ಕೊಡಿ, ಕಾರ್ಡ್ ಮಾಡಿಸಿ ಪಾಯಿಂಟ್ ಗಳಿಸಿ, ನಾವು ಹತ್ತು ನಿಮಿಷ ಮುಂಚೆ ತಲುಪಿದ್ದೇವೆ. ಇಳಿದ ಮೇಲೆ ಸ್ಥಳೀಯ ಸಮಯ ಬೇರೆ! ಬೆಂಗಳೂರಿಗೂ ವಾರಾಣಸಿಗೂ ಗಡಿಯಾರ ಒಂದೇ ಅಲ್ವಾ ಅಂತ ಅಪ್ಪ ಕೇಳಿದ್ದಕ್ಕೆ ನಾನು ನಕ್ಕು ಸುಮ್ಮನಾದೆ. ಜೀವಕ್ಕೆ ಸಂಬಂಧಪಟ್ಟಿದ್ದು ಅಷ್ಟರಲ್ಲಿ ಐದು.

ಆ ಐದು ಎಲ್ಲಿಂದ ಬಂದವು, ಉಳಿದ ಹದಿನಾಲ್ಕು ಯಾವಾಗ ಸೇರಿಕೊಂಡವು ಅಂತ ಹುಡುಕಿಕೊಂಡು ಹೋದರೆ ವಿಮಾನಯಾನದ ಅರ್ಧ ಚರಿತ್ರೆ ಸಿಗುತ್ತೆ.

*

ಗಗನಸಖಿಯರ ಕಥೆ ಸಾಮಾನ್ಯವಾಗಿ ಶುರುವಾಗೋದು 1930ರ ಮೇ 15ರಿಂದ. ಅವತ್ತು ಎಲೆನ್ ಚರ್ಚ್ ಎಂಬ ನರ್ಸ್, ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಕಂಪನಿಯ ವಿಮಾನದಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಿಂದ ಶಿಕಾಗೋ ಕಡೆಗೆ ಹೊರಟಳು. ಹದಿಮೂರು ಕಡೆ ನಿಲ್ಲುತ್ತಾ ಸುಮಾರು ಇಪ್ಪತ್ತು ಗಂಟೆಯ ಪಯಣ. ಆ ಕಾಲದ ಗಗನಸಖಿಯರ ಕೆಲಸದ ಪಟ್ಟಿ ಓದಿದರೆ ನಗು ಬರುತ್ತೆ. ಸೀಟುಗಳು ನೆಲಕ್ಕೆ ಭದ್ರವಾಗಿವೆಯಾ ನೋಡಬೇಕು. ಪ್ರಯಾಣಿಕರು ಉರಿಯೋ ಸಿಗಾರನ್ನ ಕಿಟಕಿಯಿಂದ ಎಸೆಯದಂತೆ ಕಾಯಬೇಕು. ಟಾಯ್ಲೆಟ್ ಬಾಗಿಲು ಅಂದುಕೊಂಡು ಹೊರಬಾಗಿಲು ತೆರೆಯದಂತೆ ನೋಡಿಕೊಳ್ಳಬೇಕು.

ಅದೇ ಕಾಲದ ಫೋರ್ಡ್ ಟ್ರೈಮೋಟರ್ ಅನ್ನೋ ವಿಮಾನದೊಳಗೆ ಮೂರು ಇಂಜಿನ್ನಿನ ಗದ್ದಲ ಎಷ್ಟಿತ್ತೆಂದರೆ, ಪ್ರಯಾಣಿಕರಿಗೆ ಏನಾದರೂ ಹೇಳಬೇಕಾದರೆ ಸಿಬ್ಬಂದಿ ಪುಟ್ಟ ಮೆಗಾಫೋನ್ ಬಾಯಿಗಿಟ್ಟುಕೊಂಡು ಕೂಗಬೇಕಿತ್ತು. ಹಾಗೆ ಗಂಟಲು ಹರಿದುಕೊಳ್ಳಬೇಕಿದ್ದಾಗ ಯಾರೂ ಕಾಂಬೋ ಆಫರ್ ಸಾರುತ್ತಿರಲಿಲ್ಲ ಅಂತ ಧೈರ್ಯವಾಗಿ ಹೇಳಬಹುದು. ಮಾತಿಗೆ ಶ್ರಮ ಇದ್ದಷ್ಟು ದಿನ ಮಾತಿಗೆ ಲೆಕ್ಕವೂ ಇತ್ತು. ಆಮೇಲೆ ಕ್ಯಾಬಿನ್ ಸ್ವಲ್ಪ ನಿಶ್ಶಬ್ದವಾಯ್ತು, ಮೈಕು ಬಂತು, ಗುಂಡಿ ಒತ್ತಿದರೆ ಸಾಕು ಎಂಬಂತಾಯ್ತು.

ಆ ಮೈಕು ಜೀವ ಉಳಿಸಿದ ಕಥೆ ನಡೆದದ್ದು 1956ರ ಅಕ್ಟೋಬರ್ 16ರಂದು. ಹೊನೊಲುಲುವಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಪ್ಯಾನ್ ಆಮ್ ವಿಮಾನದ ಎರಡು ಇಂಜಿನ್ ನಡು ಪೆಸಿಫಿಕ್ ಮೇಲೆ ಕೈಕೊಟ್ಟವು. ಕ್ಯಾಪ್ಟನ್ ರಿಚರ್ಡ್ ಆಗ್ ಬೆಳಗಾಗುವ ತನಕ ಅಮೆರಿಕದ ಕೋಸ್ಟ್ ಗಾರ್ಡ್ ಹಡಗಿನ ಮೇಲೆ ಸುತ್ತು ಹಾಕಿದರು. ಇಂಥದೇ ವಿಮಾನ ಹಿಂದಿನ ವರ್ಷ ನೀರಿಗಿಳಿದಾಗ ಬಾಲ ಮುರಿದಿದ್ದು ಅವರಿಗೆ ಗೊತ್ತಿತ್ತು. ಹಾಗಾಗಿ ಹಿಂದೆ ಕೂತವರನ್ನೆಲ್ಲ ಮುಂದಕ್ಕೆ ಕಳಿಸಲು ಹೇಳಿದರು. ಬೆಳಿಗ್ಗೆ ವಿಮಾನ ನೀರಿಗೆ ಬಡಿದಾಗ ಬಾಲ ನಿಜವಾಗಿಯೂ ಮುರಿಯಿತು. ಒಳಗಿದ್ದ 31 ಜನರೂ ಬದುಕಿದರು.

*

"ವಿಮಾನ ಬಿದ್ರೆ ಯಾರೂ ಉಳಿಯಲ್ಲ ಬಿಡು ಗುರೂ, ಏನ್ ಕೇಳೋದು" ಅನ್ನೋ ಮಾತು ನಮ್ಮ ಆಫೀಸಿನ ಕ್ಯಾಂಟೀನಿನಲ್ಲೂ ಕೇಳಿದೀನಿ. ಇದು ತಪ್ಪು ಲೆಕ್ಕ. ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ, 1983ರಿಂದ 2000ದ ತನಕ ಅಲ್ಲಿನ ಏರ್‌ಲೈನ್ ವಿಮಾನಗಳ ಅಪಘಾತಗಳಲ್ಲಿ ಸಿಕ್ಕಿಕೊಂಡವರ ಲೆಕ್ಕ ಹಾಕಿತು. ಬದುಕಿದವರು ಶೇಕಡ 95ಕ್ಕೂ ಹೆಚ್ಚು. ಹಾಗಂತ ಎಲ್ಲ ಅಪಘಾತದಲ್ಲೂ ಕಿವಿಗೊಟ್ಟವರು ಉಳೀತಾರೆ ಅಂತಲ್ಲ. 2010ರ ಮೇ 22ರ ಬೆಳಿಗ್ಗೆ ಮಂಗಳೂರಿನ ಬಜ್ಪೆಯಲ್ಲಿ ಏನಾಯ್ತು ಅಂತ ನಮಗೆಲ್ಲ ಗೊತ್ತು. 166 ಜನರಲ್ಲಿ ಉಳಿದಿದ್ದು ಎಂಟೇ ಜನ. ಆದರೆ ಬಹಳಷ್ಟು ಅಪಘಾತಗಳಲ್ಲಿ ವಿಮಾನ ನೆಲ ಮುಟ್ಟಿದಾಗ ಜನ ಬದುಕಿರ್ತಾರೆ. ಸಾವು ಬರೋದು ಆಮೇಲಿನ ಒಂದೆರಡು ನಿಮಿಷದಲ್ಲಿ, ಹೊಗೆಯಲ್ಲಿ.

1965ರ ನವೆಂಬರ್ 11ರಂದು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಹೀಗೇ ಆಯ್ತು. ವಿಮಾನ ನೆಲಕ್ಕೆ ಬಡಿದ ಏಟನ್ನ ತಡೆದುಕೊಂಡವರೂ ಬೆಂಕಿ, ಹೊಗೆಗೆ ಸಿಕ್ಕಿದರು. 91 ಜನರಲ್ಲಿ 43 ಜನ ಸತ್ತರು. ಅದೇ ದಶಕದಲ್ಲಿ ಅಲ್ಲಿನ ವಿಮಾನಯಾನ ಇಲಾಖೆ, ತುಂಬಿದ ವಿಮಾನವನ್ನ ಎಷ್ಟು ಬೇಗ ಖಾಲಿ ಮಾಡಬಹುದು ಅಂತ ಕಂಪನಿಗಳು ಪ್ರಯೋಗ ಮಾಡಿ ತೋರಿಸಬೇಕು ಅಂದಿತು. ಮೊದಲು ಎರಡು ನಿಮಿಷ ಇದ್ದ ಮಿತಿ 1967ರಲ್ಲಿ 90 ಸೆಕೆಂಡಿಗೆ ಇಳಿಯಿತು, ಅದೂ ಅರ್ಧ ಬಾಗಿಲು ಮುಚ್ಚಿಕೊಂಡೇ ಇದ್ದಾಗ. ಇವತ್ತಿಗೂ ಅದೇ ನಿಯಮ. "ನಿಮಗೆ ಹತ್ತಿರದ ಬಾಗಿಲು ಹಿಂದೆಯೂ ಇರಬಹುದು" ಅನ್ನೋ ಮಾತಿನ ಬೆಲೆ ತಿಳಿಯೋದು ಈ 90 ಸೆಕೆಂಡಿನ ಲೆಕ್ಕ ಗೊತ್ತಾದಾಗ.

ಟಾಯ್ಲೆಟ್ಟಿನಲ್ಲಿ ಸಿಗರೇಟ್ ಸೇದಬೇಡಿ ಅಂತಾರಲ್ಲ, ಅದರ ಹಿಂದಿರೋದು 1973ರ ಜುಲೈ 11. ಬ್ರೆಜಿಲ್‌ನಿಂದ ಬಂದ ವಾರಿಗ್ ಕಂಪನಿಯ ವಿಮಾನ ಪ್ಯಾರಿಸ್ಸಿನ ಓರ್ಲಿ ನಿಲ್ದಾಣ ಇನ್ನೇನು ಸಿಗಬೇಕು ಅನ್ನುವಾಗ ಹಿಂದಿನ ಟಾಯ್ಲೆಟ್ಟಿನಲ್ಲಿ ಬೆಂಕಿ ಹತ್ತಿಕೊಂಡಿತು. ಪೈಲಟ್‌ಗಳು ರನ್‌ವೇಗೆ ಮುಂಚೆಯೇ ಒಂದು ಈರುಳ್ಳಿ ಹೊಲದಲ್ಲಿ ಇಳಿಸಿದರು. 134 ಜನರಲ್ಲಿ 123 ಜನ ಸತ್ತರು, ಬಹುಪಾಲು ಹೊಗೆಯಿಂದ. ಕಸದ ಬುಟ್ಟಿಗೆ ಬಿದ್ದ ಸಿಗರೇಟು ತುಂಡೇ ಕಾರಣ ಇರಬೇಕು ಅಂತ ಶಂಕೆ. ಸಿಗರೇಟೇ ನಿಷೇಧ ಆಗಿರುವಾಗ ವಿಮಾನದ ಟಾಯ್ಲೆಟ್ ಬಾಗಿಲಲ್ಲಿ ಇವತ್ತೂ ಆಶ್‌ಟ್ರೇ ಯಾಕಿದೆ ಅಂತ ನೀವೂ ತಲೆ ಕೆಡಿಸಿಕೊಂಡಿರಬಹುದು. ನಿಯಮ ಮುರಿದು ಸೇದಿದವನು ಕನಿಷ್ಠ ಕಸದ ಬುಟ್ಟಿಗೆ ಹಾಕದಿರಲಿ ಅಂತ.

ನೆಲದ ಮೇಲೆ ಸಾಲಾಗಿ ದೀಪ ಇರುತ್ತೆ ಅಂತ ಹೇಳೋದನ್ನ ಗಮನಿಸಿದೀರಾ? 1983ರ ಜೂನ್ 2ರಂದು ಏರ್ ಕೆನಡಾ ವಿಮಾನವೊಂದು ಬೆಂಕಿ ಹೊತ್ತುಕೊಂಡೇ ಸಿನ್ಸಿನಾಟಿಯಲ್ಲಿ ಇಳಿಯಿತು. ಬಾಗಿಲು ತೆರೆದ ಸುಮಾರು ಒಂದೂವರೆ ನಿಮಿಷದೊಳಗೆ ಒಳಗೆಲ್ಲ ಭಗ್ಗನೆ ಹತ್ತಿಕೊಂಡಿತು. 46 ಜನರಲ್ಲಿ 23 ಜನ ಉಳಿಯಲಿಲ್ಲ. ದಟ್ಟ ಹೊಗೆಯಲ್ಲಿ ಚಾವಣಿಯ ದೀಪ ಕಾಣಲ್ಲ, ಬಗ್ಗಿ ನಡೆದರೆ ನೆಲದ ದೀಪ ಕಾಣುತ್ತೆ. ಟಾಯ್ಲೆಟ್ಟಿಗೆ ಹೊಗೆ ಪತ್ತೆ ಯಂತ್ರ, ನೆಲಕ್ಕೆ ದೀಪ ಕಡ್ಡಾಯವಾಗಿದ್ದು ಇದರ ನಂತರ. ಎರಡು ವರ್ಷ ಬಿಟ್ಟು, 1985ರ ಆಗಸ್ಟ್ 22ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹಾರುವ ಮುಂಚೆಯೇ ಬೆಂಕಿ ಬಿದ್ದ ವಿಮಾನದಲ್ಲಿ 55 ಜನ ಸತ್ತರು. ರೆಕ್ಕೆಯ ಮೇಲಿನ ಬಾಗಿಲ ಪಕ್ಕ ಕೂತಿದ್ದವರಿಗೆ ಅದನ್ನ ತೆಗೆಯೋದು ಹೇಗೆ ಅಂತ ತಿಳಿಯಲಿಲ್ಲ. ಕೊನೆಗೆ ತೆಗೆದಾಗ ಇಪ್ಪತ್ತು ಕಿಲೋ ದಾಟಿದ ಆ ಬಾಗಿಲು ಒಳಗೇ ಬಿತ್ತು. ಎಕ್ಸಿಟ್ ಸಾಲಿನಲ್ಲಿ ಕಾಲು ಚಾಚೋಕೆ ಜಾಗ ಸಿಕ್ತು ಅಂತ ಖುಷಿಯಾಗಿ ಕೂತವರ ಹತ್ತಿರ ಬಂದು, "ತುರ್ತಿನಲ್ಲಿ ಬಾಗಿಲು ತೆಗೀತೀರಾ?" ಅಂತ ಕೇಳ್ತಾರಲ್ಲ, ಅದು ಉಪಚಾರದ ಮಾತಲ್ಲ.

ಇನ್ನು ಅಪ್ಪನ ಪ್ರಶ್ನೆ, ಗಾಳಿ ತುಂಬೋದು ಯಾವಾಗ? 1996ರ ನವೆಂಬರ್ 23ರಂದು ಇಥಿಯೋಪಿಯನ್ ಏರ್‌ಲೈನ್ಸ್‌ನ ವಿಮಾನ ಅಪಹರಣವಾಯ್ತು. ಅದರ ಪಯಣ ಶುರುವಾಗಿದ್ದು ನಮ್ಮ ಮುಂಬೈಯಿಂದ. ಆಸ್ಟ್ರೇಲಿಯಾಕ್ಕೆ ನಡಿ ಅಂತ ಅಪಹರಣಕಾರರ ಹಠ, ಅಷ್ಟು ಇಂಧನ ಇಲ್ಲ ಅಂತ ಕ್ಯಾಪ್ಟನ್ ಹೇಳಿದರೂ ಕೇಳಲಿಲ್ಲ. ಇಂಧನ ಮುಗಿದು ವಿಮಾನ ಕೊಮೊರೊಸ್ ದ್ವೀಪದ ದಡದ ಹತ್ತಿರ ನೀರಿಗಿಳಿಯಿತು. 175 ಜನರಲ್ಲಿ 125 ಜನ ಸತ್ತರು. ಹಲವರು ಒಳಗಿದ್ದಾಗಲೇ ಜಾಕೆಟ್ ಉಬ್ಬಿಸಿಕೊಂಡಿದ್ದರು. ನೀರು ನುಗ್ಗಿದಾಗ ಉಬ್ಬಿದ ಜಾಕೆಟ್ ಮನುಷ್ಯನನ್ನ ಚಾವಣಿಗೆ ಒತ್ತುತ್ತೆ. ಬಾಗಿಲು ಕೆಳಗೆ, ನೀರೊಳಗೆ. ಮುಳುಗಿ ಅದರ ಹತ್ತಿರ ಹೋಗೋಕೆ ಜಾಕೆಟ್ಟೇ ಬಿಡಲ್ಲ. ಹೊರಗೆ ಬಂದ ಮೇಲೆ ಗಾಳಿ ತುಂಬಿ ಅನ್ನೋ ವಾಕ್ಯ ಅದಕ್ಕೂ ಮುಂಚೆ ಇತ್ತು. ಎಷ್ಟು ಮುಖ್ಯವಾದ ವಾಕ್ಯ ಅಂತ ಜಗತ್ತು ನೋಡಿದ್ದು ಅವತ್ತು.

ಸಣ್ಣಪುಟ್ಟ ಸೂಚನೆಗಳಿಗೂ ಹೀಗೇ ಒಂದೊಂದು ಅರ್ಥ ಇದೆ. ಕಿಟಕಿ ಪರದೆ ಮೇಲೆತ್ತಿಸೋದು ಯಾವ ಕಡೆ ಬೆಂಕಿ ಇದೆ ಅಂತ ಕಾಣಲಿ ಅಂತ. ರಾತ್ರಿ ಒಳಗಿನ ದೀಪ ಮಂದ ಮಾಡೋದು ಕತ್ತಲಿಗೆ ಓಡಬೇಕಾಗಿ ಬಂದರೆ ಕಣ್ಣು ಹೊಂದಿಕೊಂಡಿರಲಿ ಅಂತ. ಸೀಟು ನೆಟ್ಟಗೆ ಮಾಡಿಸೋದು ಹಿಂದಿನವನು ಎದ್ದು ಹೋಗೋಕೆ. ಆಕ್ಸಿಜನ್ ಮಾಸ್ಕ್ ಮೊದಲು ನೀವು ಹಾಕಿಕೊಳ್ಳಿ ಅನ್ನೋದು ಸ್ವಾರ್ಥದ ಪಾಠ ಅಲ್ಲ. 35 ಸಾವಿರ ಅಡಿ ಎತ್ತರದಲ್ಲಿ ಗಾಳಿಯ ಒತ್ತಡ ಹೋದರೆ ಬುದ್ಧಿ ನೆಟ್ಟಗಿರೋದು ಅರ್ಧದಿಂದ ಒಂದು ನಿಮಿಷ. ಮಗುವಿಗೆ ಹಾಕೋಕೂ ನಿಮಗೆ ಎಚ್ಚರ ಇರಬೇಕು.

*

ಹಾಗಾದರೆ ಉಳಿದ ಹದಿನಾಲ್ಕು? ಅವು ಬಂದಿದ್ದು ಮಾರುಕಟ್ಟೆಯಿಂದ. 1978ರಲ್ಲಿ ಅಮೆರಿಕ ವಿಮಾನ ಕಂಪನಿಗಳ ದರ, ಮಾರ್ಗಗಳ ಮೇಲಿನ ಸರ್ಕಾರಿ ಹಿಡಿತ ಬಿಟ್ಟುಕೊಟ್ಟಿತು. ಸ್ಪರ್ಧೆ ಏರಿತು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಮೈಲಿ ಲೆಕ್ಕದ ಬಹುಮಾನ ಯೋಜನೆ ತಂತು. ಅದರ ಬೆನ್ನಿಗೆ ಕ್ರೆಡಿಟ್ ಕಾರ್ಡು ಬಂತು. ಅಲ್ಲಿ ಕೆಲವು ಕಂಪನಿಗಳ ಸಿಬ್ಬಂದಿ ಈಗ ಹಾರಾಟದ ನಡುವೆ ಅರ್ಜಿ ಹಿಡಿದು ಕಾರ್ಡ್ ಮಾರ್ತಾರೆ, ಅದಕ್ಕೆ ಕಮಿಷನ್ ಉಂಟು.

ನಮ್ಮಲ್ಲಿ ಈ ಬದಲಾವಣೆಗೆ ಕಾರಣರಾದವರು ಹಾಸನದ ಗೊರೂರಿನವರು. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿದಾಗ ಟಿಕೆಟ್ ಅಗ್ಗ ಮಾಡೋಕೆ ಪುಕ್ಕಟೆ ಊಟ ತೆಗೆದರು. ಬೇಕಾದವರು ಕೊಂಡು ತಿನ್ನಲಿ ಅಂತ. ಆ ಲೆಕ್ಕಾಚಾರದಿಂದಲೇ ನನ್ನಂಥ ರೈತರ ಮಕ್ಕಳು ಅಪ್ಪ ಅಮ್ಮನನ್ನ ವಿಮಾನ ಹತ್ತಿಸೋ ಹಾಗಾಯ್ತು. ಹಾಗಾಗಿ ತಿಂಡಿ ಗಾಡಿಯನ್ನ ನಾನು ಬೈಯಲ್ಲ. ಆದರೆ ಊಟ ಮಾರಾಟದ ಸರಕಾದ ಮೇಲೆ ಅದನ್ನ ಕೂಗಿ ಹೇಳೋರು ಬೇಕಾಯ್ತು, ಕೈಗೆ ಸಿಕ್ಕಿದ್ದು ಲೈಫ್ ಜಾಕೆಟ್ ಬಗ್ಗೆ ಹೇಳೋ ಅದೇ ಮೈಕು.

ಹೀಗೆ ಬರೀ ವ್ಯಾಪಾರ ಸೇರಿಕೊಳ್ಳಲಿಲ್ಲ. ಏರ್ ಇಂಡಿಯಾ ಸರ್ಕಾರಿ ಕಂಪನಿಯಾಗಿದ್ದಾಗ, 2019ರ ಮಾರ್ಚಿನಲ್ಲಿ, ಪ್ರತಿ ಅನೌನ್ಸ್‌ಮೆಂಟಿನ ಕೊನೆಗೆ ಉತ್ಸಾಹದಿಂದ "ಜೈ ಹಿಂದ್" ಹೇಳಬೇಕು ಅಂತ ಸಿಬ್ಬಂದಿಗೆ ಸೂಚನೆ ಹೋಯ್ತು. ಆ ಘೋಷಣೆ ಬಗ್ಗೆ ನನ್ನ ತಕರಾರಿಲ್ಲ. ಕಸ ಕೊಡಿ ಅಂದ ಮೇಲೂ ಅದನ್ನ ಹೇಳಿಸಿದರೆ ಯಾವುದಕ್ಕೆ ಮರ್ಯಾದೆ ಬಂತು ಅಂತಷ್ಟೇ ಪ್ರಶ್ನೆ.

ಪರಿಣಾಮ ಏನಾಯ್ತು? 2009ರ ಜನವರಿ 15ರಂದು ನ್ಯೂಯಾರ್ಕಿನ ಹಡ್ಸನ್ ನದಿ ಮೇಲೆ ಇಳಿದ ವಿಮಾನದ 155 ಜನರೂ ಬದುಕಿದ್ದು ಎಲ್ಲರಿಗೂ ಗೊತ್ತು. ತನಿಖೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಸುಮಾರು ಶೇಕಡ 70ರಷ್ಟು ಪ್ರಯಾಣಿಕರು ಸುರಕ್ಷತೆಯ ಪ್ರದರ್ಶನ ನೋಡೇ ಇರಲಿಲ್ಲ. ಕೊರೆಯುವ ಚಳಿಯ ನದಿಗೆ ಸೀಟಿನ ಕೆಳಗಿನ ಜಾಕೆಟ್ ಬಿಟ್ಟು ಹೊರಗೆ ಬಂದವರೇ ಹೆಚ್ಚು. ಅವತ್ತು ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಮೈಕಿನಲ್ಲಿ ಆಡಿದ್ದು ಬೆರಳೆಣಿಕೆಯಷ್ಟು ಪದ, ಬಡಿತಕ್ಕೆ ಸಿದ್ಧರಾಗಿ ಅಂತ. 2018ರಲ್ಲಿ ಅಮೆರಿಕದಲ್ಲೇ ಹಾರುವಾಗ ಇಂಜಿನ್ ಸಿಡಿದ ವಿಮಾನದೊಳಗಿನ ಫೋಟೋ ನೀವೂ ನೋಡಿರಬಹುದು, ಮಾಸ್ಕನ್ನ ಬಾಯಿಗೆ ಮಾತ್ರ ಹಾಕಿಕೊಂಡು ಮೂಗು ಹೊರಗೆ ಬಿಟ್ಟವರದ್ದು. 2016ರ ಆಗಸ್ಟ್ 3ರಂದು ತಿರುವನಂತಪುರದಿಂದ ಹೋದ ವಿಮಾನ ದುಬೈಯಲ್ಲಿ ನೆಲಕ್ಕೆ ಬಡಿದಾಗ, ಒಳಗೆ ಹೊಗೆ ತುಂಬ್ತಿದ್ದರೂ ಜನ ಮೇಲಿಂದ ಬ್ಯಾಗ್ ಇಳಿಸ್ತಾ ಇದ್ದರು. ಸುಮಾರು ಒಂಬತ್ತು ನಿಮಿಷದ ಮೇಲೆ ಇಂಧನ ಟ್ಯಾಂಕ್ ಸ್ಫೋಟಿಸಿತು. ವಿಮಾನದ 300 ಜನ ಉಳಿದರು, ಅಗ್ನಿಶಾಮಕ ದಳದವರೊಬ್ಬರು ಸತ್ತರು.

*

ನನ್ನ ಕೆಲಸದಲ್ಲಿ ಇದಕ್ಕೊಂದು ಹೆಸರಿದೆ: ಅಲರ್ಟ್ ಫಟೀಗ್. ಒಂದು ಹಳೇ ಪ್ರಾಜೆಕ್ಟಿನಲ್ಲಿ ಸರ್ವರ್ ಕೆಮ್ಮಿದರೂ ಸೀನಿದರೂ ಮೆಸೇಜ್ ಬರೋ ಹಾಗೆ ಮಾಡಿಟ್ಟಿದ್ದೆವು. ರಾತ್ರಿ ಪಾಳಿಯಲ್ಲಿ ಇನ್ನೂರು ಮೆಸೇಜ್. ಒಂದು ರಾತ್ರಿ ಡಿಸ್ಕ್ ತುಂಬ್ತಿದೆ ಅನ್ನೋ ನಿಜವಾದ ಎಚ್ಚರಿಕೆ ಆ ಇನ್ನೂರರ ನಡುವೆ ಬಂದಿತ್ತು. ಪಾಳಿಯಲ್ಲಿದ್ದವನು ನಾನೇ, ಫೋನ್ ಸೈಲೆಂಟ್ ಮಾಡಿ ಮಲಗಿದ್ದೆ. ಬೆಳಿಗ್ಗೆ ಬೈಸಿಕೊಂಡ ಮೇಲೆ ತಂಡ ಒಂದು ನಿಯಮ ಮಾಡಿತು: ಯಾರೂ ಎದ್ದು ಏನೂ ಮಾಡಬೇಕಿಲ್ಲ ಅಂದ್ರೆ ಗಂಟೆ ಬಾರಿಸಬೇಡಿ. ಇನ್ನೂರು ಇದ್ದದ್ದು ಆರಕ್ಕೆ ಇಳಿಯಿತು. ಆಮೇಲೆ ಫೋನ್ ಬಡಿದರೆ ಎದ್ದು ಕೂರ್ತಿದ್ದೆವು.

ನಮ್ಮೂರ ಡಂಗುರದವರಿಗೆ ಇದು ಯಾರೂ ಹೇಳಿಕೊಡದೇ ಗೊತ್ತಿತ್ತು. ನಾಳೆ ಕೆರೆ ತೂಬು ಎತ್ತುತಾರೆ, ಕಾಲುವೆ ಪಕ್ಕ ದನ ಕಟ್ಟಬೇಡಿ. ಇಷ್ಟೇ. ಅರ್ಧ ನಿಮಿಷ. ತಮಟೆ ಸದ್ದಾದರೆ ಏನೋ ವಿಷಯ ಇದೆ ಅಂತ ಜನ ಹೊರಗೆ ಬರ್ತಿದ್ದರು. ದಿನಾ ಬೆಳಿಗ್ಗೆ ಅದೇ ತಮಟೆಯಲ್ಲಿ ಬೆಲ್ಲದ ರೇಟೂ ಸಾರಿದ್ದಿದ್ದರೆ, ತೂಬು ಎತ್ತಿದ ದಿನ ಹೊರಗೆ ಬರೋರು ಯಾರು? ಹುಲಿ ಬಂತು ಹುಲಿ ಕಥೆಯ ಹುಡುಗ ಸುಳ್ಳು ಹೇಳಿ ಕೆಟ್ಟ. ವಿಮಾನದ ಮೈಕು ನಿಜವನ್ನೇ ಹೇಳುತ್ತೆ, ಆದರೆ ಬೇಡದ ನಿಜಗಳನ್ನೆಲ್ಲ ಸೇರಿಸಿ ಹೇಳುತ್ತೆ. ಕಿವಿಗೆ ಎರಡೂ ಒಂದೇ.

2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಇಳಿದ ಜಪಾನ್ ಏರ್‌ಲೈನ್ಸ್ ವಿಮಾನ, ರನ್‌ವೇ ಮೇಲಿದ್ದ ಕೋಸ್ಟ್ ಗಾರ್ಡ್ ವಿಮಾನಕ್ಕೆ ಬಡಿದು ಹೊತ್ತಿಕೊಂಡಿತು. ಆ ಚಿಕ್ಕ ವಿಮಾನದಲ್ಲಿದ್ದ ಐದು ಜನ ಸತ್ತರು. ದೊಡ್ಡದರಲ್ಲಿ 379 ಜನ. ಮೈಕು ಕೆಟ್ಟಿತ್ತು. ಎಂಟು ಬಾಗಿಲಲ್ಲಿ ಬಳಸೋ ಹಾಗಿದ್ದದ್ದು ಮೂರು. ಸಿಬ್ಬಂದಿ ಮೆಗಾಫೋನ್ ಹಿಡಿದು, ಅದಿಲ್ಲದವರು ಬರೀ ಗಂಟಲಲ್ಲಿ ಕೂಗಿ ಜನರನ್ನ ಹೊರಡಿಸಿದರು. 379 ಜನರೂ ಹೊರಗೆ ಬಂದರು. ತೊಂಬತ್ತು ವರ್ಷದ ಹಿಂದೆ ಟ್ರೈಮೋಟರಿನಲ್ಲಿದ್ದ ಅದೇ ಸಾಧನ. ಕೂಗಿದವರಿಗೆ ಏನು ಹೇಳಬೇಕು ಅಂತ ಗೊತ್ತಿತ್ತು, ಕೇಳಿದವರು ಕೇಳಿದರು.

ಆಗದ ಕೆಲಸ ಏನಲ್ಲ ಇದು. ಬೆಂಗಳೂರಿನ ವಿಮಾನ ನಿಲ್ದಾಣವೇ ಕೂಗಾಟ ಕಡಿಮೆ ಮಾಡಿ, ಯಾವ ಗೇಟು, ಎಷ್ಟು ಹೊತ್ತಿಗೆ ಅನ್ನೋದನ್ನ ಪರದೆ ಮೇಲೆ ತೋರಿಸ್ತಿದೆ. ವಿಮಾನದ ತಿಂಡಿ, ಕಾರ್ಡು, ಪಾಯಿಂಟುಗಳನ್ನೂ ಸೀಟಿನ ಮುಂದಿನ ಕಾಗದಕ್ಕೋ ಫೋನಿಗೋ ಕಳಿಸಬಹುದು. ಮೈಕು ಜೀವದ ಮಾತಿಗಿರಲಿ. ಬೆಂಗಳೂರಿನಿಂದ ಹೊರಡೋ ವಿಮಾನದಲ್ಲಿ ಆ ಮಾತು ಕನ್ನಡದಲ್ಲೂ ಬರಲಿ. ಯಾರಾದರೂ ಪೈಲಟ್ ಕನ್ನಡದಲ್ಲಿ ಸ್ವಾಗತ ಹೇಳಿದರೆ ನಾವು ವಿಡಿಯೋ ಮಾಡಿ ಹಂಚ್ತೀವಿ. ಖುಷಿಯೇ. ಆದರೆ ಸ್ವಾಗತ ಅರ್ಥವಾಗದಿದ್ದರೆ ಅಪ್ಪನಿಗೆ ನಷ್ಟ ಇಲ್ಲ. ಜಾಕೆಟ್ಟಿಗೆ ಗಾಳಿ ತುಂಬೋದು ಯಾವಾಗ ಅನ್ನೋದು ಅರ್ಥವಾಗಬೇಕು.

ಕಾಶಿಯಿಂದ ವಾಪಸ್ ಬರೋ ಹೊತ್ತಿಗೆ ನಾನು ಇಷ್ಟೆಲ್ಲ ಓದಿರಲಿಲ್ಲ. ಸೀಟಿನ ಮುಂದಿದ್ದ ಕಾರ್ಡನ್ನ ಮಾತ್ರ ಓದಿ ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ: ಬೆಲ್ಟು, ಮಾಸ್ಕು, ಜಾಕೆಟ್ಟು, ಬಾಗಿಲು. ಎರಡು ನಿಮಿಷವೂ ಹಿಡಿಯಲಿಲ್ಲ. ಅವರು ಒಂದು ಸಲ ಹಿಂದೆ ತಿರುಗಿ, ಸೀಟುಗಳ ತಲೆ ಮೇಲೆ ಬೆರಳಾಡಿಸುತ್ತಾ ಏನೋ ಲೆಕ್ಕ ಹಾಕಿದರು.

"ಹಿಂದಿನ ಬಾಗ್ಲು ಏಳನೇ ಸಾಲಿಗೈತೆ. ಕತ್ಲಾದ್ರೂ ಮುಟ್ಕೊಂಡು ಹೋಗ್ಬೋದು" ಅಂದರು. ಆಮೇಲೆ ನೆಮ್ಮದಿಯಾಗಿ ಕಿಟಕಿ ಕಡೆ ತಿರುಗಿದರು. ಮೈಕಿನಲ್ಲಿ ಕಾಂಬೋ ಆಫರ್ ಶುರುವಾಗಿತ್ತು.